ಒತ್ತಿ ಹಿಡಿದ ಬೆರಳು

ನಕ್ಷೆಯ ಮೇಲೊಂದು ಕೆಂಪು ಗೆರೆ, ಕೂದಲಿನಷ್ಟು ಸಣ್ಣದು, ಮುಂಬೈಗೂ ಹೈದರಾಬಾದಿಗೂ ನಡುವೆ ಅಡ್ಡ ಬಿದ್ದಿದೆ, ಇದನ್ನು ಯಾರು ಎಳೆದರೋ ಎಂದುಕೊಂಡು ಉಗುರು ತಾಗಿಸಿದರೆ ಎದ್ದು ಬಂತು — ಗೆರೆಯಲ್ಲ, ಲ್ಯಾಪ್‌ಟಾಪಿನ ಗಾಜಿಗೆ ಅಂಟಿದ ನೂಲು, ಪಕ್ಕದ ಮನೆಯ ಚಾಂದಬೀ ಖಾಲಾಳದು, ನಿನ್ನೆ ಇಲ್ಲೇ ನನ್ನ ಮಗ್ಗುಲಲ್ಲಿ ಕೂತಿದ್ದಳು, ಮಡಿಲ ತುಂಬ ಅವಳು ಹೊಲಿಯುವ ಕೌದಿಯ ಬಟ್ಟೆತುಂಡುಗಳು. ಮೀಟಿಂಗ್ ನಡೆದೇ ಇದೆ, ನನ್ನ ಕ್ಯಾಮೆರಾ ಬಂದ್, ಮೈಕೂ ಬಂದ್, ಎಂದಿನ ಹಾಗೆ. ಬೆಂಗಳೂರಿನಲ್ಲಿ ಕೂತ ಅಮರನಾಥ ಸರ್ ಬಾಣದ ಗುರುತನ್ನು ಭೂಮಿಯ ಮೇಲೆಲ್ಲ ಓಡಾಡಿಸುತ್ತಿದ್ದಾರೆ, ಒಂದು ಫ್ರಾಂಕ್‌ಫರ್ಟಲ್ಲಿದೆ, ಇನ್ನೊಂದು ವರ್ಜೀನಿಯಾದಲ್ಲಿದೆ, ಮೂರನೇ ಸರ್ವರ್ ಎಲ್ಲಿಡೋಣ, ಸಾವ್ ಪೌಲೋನೋ ಮುಂಬೈನೋ, ಒಂದಕ್ಕೇ ಅವಕಾಶ, ಇವತ್ತು ಮುಗಿಸಿಬಿಡೋಣ. ಅವರ ಬಾಣ ಮುಂಬೈ ಮೇಲೆ ಬಂದಾಗಲೆಲ್ಲ ಈ ಕಡೆಯ ಸಂಗತಿ ಈಗ ನನ್ನನ್ನೇ ಕೇಳುತ್ತಾರೆ ಎನಿಸುತ್ತದೆ, ಅಲ್ಲಿಂದ ಸರಿದರೆ ಹಾಯೆನಿಸುತ್ತದೆ, ಹಾಯೆನಿಸಿದ್ದಕ್ಕೇ ಮುಖ ಬಿಸಿಯಾಗುತ್ತದೆ. ಸಾವ್ ಪೌಲೋ, ಭೂಮಿಯ ಆಚೆ ಮಗ್ಗುಲಿನ ಊರು, ಅಂದರೆ ಖಾಲಾಳ ಪಾಲಿಗೆ ಏನೆಂದು ನನಗೆ ಗೊತ್ತು. ಕೈಹೊಲಿಗೆಯವರ ಆ್ಯಪ್ ನಮ್ಮದು, ಎಲ್ಲೋ ಒಬ್ಬರು ಹೊದಿಕೆ ಬೇಕೆಂದರೆ ಆ ಬೇಡಿಕೆ ಎಲ್ಲ ದೇಶದ ಹೊಲಿಯುವವರ ಫೋನಿಗೂ ಒಟ್ಟಿಗೇ ಹೋಗುತ್ತದೆ, ಯಾರ 'ಒಪ್ಪಿದೆ' ಮೊದಲು ಸರ್ವರಿಗೆ ಮುಟ್ಟುತ್ತದೋ ಕೆಲಸ ಅವರಿಗೆ. ಮೊದಲು ಒತ್ತಿದವರಿಗಲ್ಲ, ಮೊದಲು ಮುಟ್ಟಿದವರಿಗೆ. ಹಂಗೇರಿಯ ಹೆಂಗಸೊಬ್ಬಳದು, ಸರ್ವರ್ ಹತ್ತಿರವೇ ಇರುವುದರಿಂದ, ರೆಪ್ಪೆ ಬಡಿಯುವುದರೊಳಗೆ ಮುಟ್ಟುತ್ತದೆ, ನಾನು ಕೂತಿರುವ ಈ ಜೇವರ್ಗಿಯದು ಸಮುದ್ರ ದಾಟಿ ಹೋಗಿ, ನೀನು ಯಾರು ಎಂದು ಕೇಳಿಸಿಕೊಂಡು ಬಂದು, ಮತ್ತೆ ಹೋಗಿ, ಮತ್ತೆ ಬಂದು — ಅಷ್ಟರಲ್ಲಿ 'ಬೇರೆಯವರು ಪಡೆದಿದ್ದಾರೆ'.

ನೋಡ್ ಬೇ ಪಂಚಶೀಲಾ, ಇದು ಗಿರಗಿರ ತಿರಗಾಕತ್ತದ, ನಿನ್ನೆ ಖಾಲಾ ಕಾಯಿಸುವ ಚಕ್ರ ಸುತ್ತುತ್ತಿದ್ದ ಫೋನನ್ನು ನನ್ನ ಮುಂದೆ ಹಿಡಿದಿದ್ದಳು. ಒತ್ತುವುದಕ್ಕೆ ಮುಂಚೆ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾಳೆ, ಎರಡು ಸಲ, ಆಮೇಲೆ ಬಟನ್ನಿನ ಮೇಲಿಟ್ಟು ಒತ್ತಿ ಹಿಡಿಯುತ್ತಾಳೆ, ಉಸಿರೂ ಬಿಡದೆ, ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮಷೀನಿಗೆ ಹಿಡಿದ ಹಾಗೆ. ಅಲ್ಲಿ ಒರೆಸಿ ಒತ್ತು ಮುದುಕಿ, ಇನ್ನೂ ಜೋರ ಒತ್ತು ಎಂದು ಹೇಳಿ ಹೇಳಿ ಕಲಿಸಿದ್ದಾರೆ, ಸೂಜಿ ತಿಂದ ಬೆರಳು, ಗೆರೆಗಳೇ ಉಳಿದಿಲ್ಲ, ಮಷೀನು ಒಲ್ಲೆ ಎನ್ನುತ್ತದೆ, ಈ ಫೋನೂ ಹಾಗೇ ಬೆರಳು ಗುರುತು ಹಿಡಿಯುತ್ತಿಲ್ಲ ಎಂದು ಅವಳ ಲೆಕ್ಕ. ನನ್ ಬಟ್ಟಿನ ತಪ್ಪೇನ ಬೇಟಿ, ಇಲ್ಲಾ ನನ್ ಕೌದಿನ ಚೊಲೊ ಇಲ್ಲೇನು, ಖರೇ ಹೇಳು, ನಾ ಸಿಟ್ಟಾಗಂಗಿಲ್ಲ. ಅವಳನ್ನು ಆ್ಯಪಿಗೆ ಸೇರಿಸಿದವಳು ನಾನೇ, ಖಾಲಾ ನಿನ್ ಕೌದಿ ಪರದೇಶಕ್ಕ ಹೋಗ್ತದ ನೋಡು ಎಂದು ಕುಣಿದವಳು. ನಾನು ಏನಂದೆ — ಹೌದು ಖಾಲಾ, ಸ್ವಲ್ಪ ಜಲ್ದಿ ಒತ್ತಬೇಕು ನೀನು. ಜಲ್ದಿ ಒತ್ತಬೇಕಂತೆ. ಅವಳು ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಮುದುಕಾಗ್ಯದ ಬಿಡು ಇದೂ, ಎಂದು ನಕ್ಕಳು, ನಾನೂ ನಕ್ಕೆ, ರಾತ್ರಿ ಬರೆಯುವ ಡೈರಿಯಲ್ಲೂ ಆ ನಗುವನ್ನು ಬರೆಯಲಾಗಲಿಲ್ಲ.

ಭಾರತದಿಂದ ಒಪ್ಪಿಗೆಗಳೇ ಬರ್ತಿಲ್ಲ ಸರ್, ಮೀಟಿಂಗಿನಲ್ಲಿ ನಮ್ಮ ಟೀಮಿನ ಸೃಷ್ಟಿ ಹೇಳುತ್ತಿದ್ದಾಳೆ, ಚಾರ್ಟ್ ನೋಡಿ, ಅಲ್ಲಿ ಸರ್ವರ್ ಇಟ್ಟು ಯಾರಿಗೆ, ಸೊಳ್ಳೆಗಾ, ಎಲ್ಲರೂ ನಗುತ್ತಾರೆ, ಆ ಚಾರ್ಟ್ ಮಾಡಿದವಳು ನಾನು, ಮೂಲೆಯಲ್ಲಿ ನನ್ನದೇ ಹೆಸರಿದೆ. ಕೆಲಸ ಗೆದ್ದ ಒಪ್ಪಿಗೆಗಳನ್ನಷ್ಟೇ ಎಣಿಸಿದ್ದೇನೆ, ಕೇಳಿದ್ದು ಅಷ್ಟೇ, ತಡವಾಗಿ ಮುಟ್ಟಿ ಸತ್ತವುಗಳನ್ನು ಎಣಿಸು ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಮರನಾಥ ಸರ್ ಆದರೂ ಬಿಡುವವರಲ್ಲ, ಒಳ್ಳೆಯವರು, ಒಂದ್ನಿಮಿಷ, ಸಣ್ಣ ಊರಿಂದ, ಸಾದಾ ಫೋನಲ್ಲಿ ಯಾರಾದ್ರೂ ನೋಡಿದೀರಾ, ಬರೀ ಚಾರ್ಟ್ ನಂಬಿ ಮುಂಬೈ ಬಿಡೋದು ಬೇಡ. ಹೊರಗೆ ವಿಜಯಪುರದ ಕಡೆ ಹೋಗುವ ಲಾರಿಗೆ ಕಿಟಕಿ ನಡುಗುತ್ತಿದೆ, ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಾಳೆ, ಆ ಡಬ್ಬಿ ಮುಂದ ಮೂಕಿ ಆಗಿ ಕುಂದರಾಕ ಪಗಾರ ಕೊಡ್ತಾರೇನ ಬೇ ನಿನಗ — ನಾನಿದ್ದೇನಲ್ಲ, ಸಣ್ಣ ಊರು ಇದೇ, ಸಾದಾ ಫೋನು ಗೋಡೆಯಾಚೆ ಇದೆ, ಎರಡೇ ಮಾತು. ಆದರೆ ಇವರ ಲೆಕ್ಕಕ್ಕೆ ನಾನು ಹೈದರಾಬಾದಿನಲ್ಲಿದ್ದೇನೆ. ಇಂಟರ್‌ವ್ಯೂ ದಿನ ಜೇವರ್ಗಿ ಎಂದಾಗ ಒಬ್ಬರು, ಅದೆಲ್ಲಿ ಬರುತ್ತಮ್ಮ, ಅಲ್ಲಿ ನೆಟ್‌ವರ್ಕ್ ಇರುತ್ತಾ, ಎಂದು ಕೇಳಿದ್ದರು, ತಮಾಷೆಗೇ ಕೇಳಿದ್ದು, ನನ್ನ ಬಾಯಿಂದ ತಾನಾಗಿ ಬಂತು, ಈಗ ಹೈದರಾಬಾದಲ್ಲಿದೀನಿ ಸರ್, ನಮ್ಮಣ್ಣ ಧಮ್ಮಪಾಲನ ಮನೇಲಿ. ಅಲ್ಲಿಂದ ಇಲ್ಲಿಯತನಕ ಅಲ್ಲೇ ಇದ್ದೇನೆ, ಅಲ್ಲಿ ಮಳೆ ಬಂದರೆ ಇಲ್ಲಿ ನಾನು ಮಳೆ ಎನ್ನುತ್ತೇನೆ, ಡೈರಿಯಲ್ಲೂ ಊರಿನ ಹೆಸರು ಬರೆಯದೆ 'ಇಲ್ಲಿ' ಎಂದು ಬರೆಯುತ್ತೇನೆ. ಪಂಚಶೀಲಾ, ನಿಮ್ಮಲ್ಲಿ ಹೇಗಿದೆ, ನಿಮ್ಮೂರ ಕಡೆಯೋರು ಯಾರಾದ್ರೂ ಬಳಸ್ತಾರಾ. ಅಮರನಾಥ ಸರ್ ನನ್ನನ್ನೇ ಕೇಳುತ್ತಿದ್ದಾರೆ. ಹೇಳಿಬಿಡಬೇಕು, ಹೇಳುತ್ತೇನೆ, ಮೈಕ್ ಒತ್ತಿದೆ, ಸರ್, ಅಂದೆ, ಅಷ್ಟರಲ್ಲಿ ಗೋಡೆಯಾಚೆಯಿಂದ ಖಾಲಾ, ಬಂತು ಬೇ, ಬಂತು, ಪಂಚಶೀಲಾ, ಆರ್ಡರ್ ಬಂತು, ಜಲ್ದಿ ಒತ್ತತೇನಿ ನೋಡ್ ಈ ಸಲ — ಎಲ್ಲರ ಕಿವಿಗೂ ಬಿತ್ತು, ಸೃಷ್ಟಿ ನಗುತ್ತಾಳೆ, ಯಾರದು ಪಂಚಶೀಲಾ, ಯಾರೋ ನಿಮ್ಮನ್ನೇ ಕರೀತಿದಾರೆ. ಟಿವಿ, ಅಂದೆ. ಪಕ್ಕದ ಮನೆ ಟಿವಿ. ನನಗೆ ಗೊತ್ತಿರೋರು ಯಾರೂ ಬಳಸಲ್ಲ ಸರ್. ಸರಿ, ಹಾಗಾದ್ರೆ ಸಾವ್ ಪೌಲೋ, ಥ್ಯಾಂಕ್ಯೂ ಎಲ್ಲರಿಗೂ. ಮುಖಗಳು ಒಂದೊಂದಾಗಿ ಆರುತ್ತವೆ, ನಕ್ಷೆಯೂ ಹೋಯಿತು, ಕಪ್ಪು ಗಾಜಿನಲ್ಲಿ ನಾನು, ಉಗುರಿನ ಸಂದಿಯಲ್ಲಿ ಕೆಂಪು ನೂಲು, ಗೋಡೆಯಾಚೆ ಈಗ ಸದ್ದಿಲ್ಲ, ಸದ್ದಿಲ್ಲವೆಂದರೆ ಖಾಲಾ ಉಸಿರು ಹಿಡಿದಿದ್ದಾಳೆ, ಸೆರಗಿಗೆ ಒರೆಸಿಕೊಂಡಿದ್ದಾಳೆ, ಎರಡು ಸಲ, ಇಟ್ಟಿದ್ದಾಳೆ, ಗೆರೆಯಿಲ್ಲದ ಆ ಬೆರಳು, ಗಾಜಿನ ಮೇಲೆ, ಅದರ ಕೆಳಗೆ ಗಿರಗಿರ, ಬೆರಳು ತೆಗೆಯುವುದಿಲ್ಲ ಅವಳು, ಆ ಬೆರಳು, ಗಾಜಿನ ಮೇಲೆ, ಒತ್ತಿ ಹಿಡಿದು