ಹಜೀರಾದ ತೆಂಗಿನಕಾಯಿ

ಈಗಲೇ ಹೇಳಿಬಿಡಬೇಕೇ, ಇವತ್ತೊಂದು ದಿನ ಹೋಗಲಿ ಎನ್ನಬೇಕೇ? ಹೇಳುವುದಾದರೆ ಕಾಯಿ ಕೈಗೆ ಬರುವ ಮೊದಲೇ ಹೇಳಬೇಕು. ಒಡೆದ ಮೇಲೆ ಹೇಳಿದರೆ ಮೋಸ ಮಾಡಿದಂತೆ. ಅಕ್ಷಯ್ ಹೆಲ್ಮೆಟ್ಟಿನ ಪಟ್ಟಿಯನ್ನು ಬಿಚ್ಚಿ ಮತ್ತೆ ಹಾಕಿಕೊಂಡ.

ಸೂರತ್ ಬಳಿಯ ಹಜೀರಾದ ಕಾರ್ಖಾನೆಯ ಅಂಗಳದಲ್ಲಿ, ಅಣುಸ್ಥಾವರಕ್ಕೆ ಹೊರಟ ಸ್ಟೀಮ್ ಜನರೇಟರ್ ಉದ್ದನೆಯ ಟ್ರೈಲರಿನ ಮೇಲೆ ಮಲಗಿತ್ತು. ಅದರ ಬೆಸುಗೆಗಳನ್ನು ಪರೀಕ್ಷಿಸಿ ಒಪ್ಪಿದವರು ಅವನ ಅಪ್ಪ ಲಕ್ಷ್ಮೀನಾರಾಯಣ. ಈ ತಿಂಗಳು ಅವರಿಗೆ ನಿವೃತ್ತಿ. ನಿವೃತ್ತರಾಗುವವರ ಕೊನೆಯ ಕೆಲಸ ಗೇಟು ದಾಟುವಾಗ ಅವರ ಮನೆಯವರೇ ಕಾಯಿ ಒಡೆಯುವುದು ಆ ಶೆಡ್ಡಿನ ರೂಢಿ. ಅದಕ್ಕಾಗಿಯೇ ಅಕ್ಷಯ್ ವಡೋದರಾದಿಂದ ಬಂದಿದ್ದ.

ಅಲ್ಲಿನ ಫತೇಗಂಜ್‌ ಬಡಾವಣೆಯ ಹಾಸ್ಟೆಲಿನಲ್ಲಿ ಕೂತು ಅವನು ಬರೆದ ಎಂ.ಎ. ಪ್ರಬಂಧ ಆಸ್ಟ್ರಿಯಾದ ಬಗ್ಗೆ. ಆ ಪುಟ್ಟ ದೇಶ ಅಣುಸ್ಥಾವರವೊಂದನ್ನು ಪೂರ್ತಿ ಕಟ್ಟಿ, ೧೯೭೮ರಲ್ಲಿ ಜನರ ಮತ ಕೇಳಿತು. ಕೂದಲೆಳೆಯ ಅಂತರದಲ್ಲಿ ಜನ ಬೇಡ ಎಂದರು. ಸ್ಥಾವರ ನಡೆಯಲೇ ಇಲ್ಲ. ಜನ ಮಾಡಿದ್ದು ಸರಿ ಎಂದು ಅಕ್ಷಯ್ ಕೊನೆಯ ಪುಟದಲ್ಲಿ ಬರೆದಿದ್ದ. ಅಪ್ಪನಿಗೆ ಗೊತ್ತಿದ್ದದ್ದು ವಿಷಯ ಅಣುಶಕ್ತಿ ಎಂಬುದಷ್ಟೇ. ಮಗನೂ ನಮ್ಮ ಲೈನೇ ಹಿಡಿದ ಎಂದು ಅವರು ಶೆಡ್ಡಿಗೆಲ್ಲ ಸಾರಿದ್ದರು.

ಅಪ್ಪನ ಜೊತೆಗಾರ ಮಯೂರ್‌ಭಾಯಿ ಟ್ರೈಲರಿನ ಮುಂದಿನ ಚಕ್ರಗಳಡಿ ನಿಂಬೆಹಣ್ಣು ಇಟ್ಟರು. ಹಿಂದಿನವು ಏನು ಪಾಪ ಮಾಡಿದ್ದವು ಎಂದು ಅಪ್ಪ ಹಿಂದಿಯಲ್ಲಿ ಕೆಣಕಿದರು. ಎಲ್ಲ ಚಕ್ರಕ್ಕೂ ಇಟ್ಟರೆ ಸೂರತ್‌ಗೆಲ್ಲ ಇವತ್ತು ಶರಬತ್ತಿಲ್ಲ ಎಂದು ಮಯೂರ್‌ಭಾಯಿ ನಕ್ಕರು.

“ತಗೋ ಮಗಾ,” ಎಂದು ಅಪ್ಪ ಕಾಯಿ ಚಾಚಿದರು. “ಒಂದೇ ಏಟಿಗೆ ಒಡೀಬೇಕು, ನನ್ನ ಮರ್ಯಾದೆ ಪ್ರಶ್ನೆ.”

“ಅಪ್ಪಾ, ಒಂದು ಮಾತು…”

“ಆಮೇಲೆ ಹೇಳೋ. ಡ್ರೈವರ್ ಕಾಯ್ತಿದಾನೆ.”

ಕಾಯಿ ಒಂದೇ ಏಟಿಗೆ ಒಡೆಯಿತು. ಟ್ರೈಲರ್ ನಿಧಾನವಾಗಿ ಅಲುಗಿತು. ಅಪ್ಪ ಅದರ ಪಕ್ಕದಲ್ಲೇ ಗೇಟಿನವರೆಗೂ ನಡೆದರು. ಅಕ್ಷಯ್ ಹೋಳುಗಳನ್ನು ಹಿಡಿದು ಹಿಂದೆಯೇ ಹೋದ.

“ಏನೋ ಹೇಳ್ಬೇಕು ಅಂತಿದ್ಯಲ್ಲ?”

“ಆಸ್ಟ್ರಿಯಾದ್ದು ಅಪ್ಪಾ. ಪೂರ್ತಿ ಕಟ್ಟಿದ್ರು. ಆಮೇಲೆ ವೋಟ್ ಹಾಕಿ ಬೇಡ ಅಂದ್ರು. ಒಂದು ದಿನಾನೂ ನಡೀಲಿಲ್ಲ.”

“ಕೆಲಸ ಎಲ್ಲಾ ಮುಗಿದ ಮೇಲಾ?”

“ಹೂಂ.”

“ಛೆ,” ಎಂದರು ಅಪ್ಪ. ಹೆಲ್ಮೆಟ್ ತೆಗೆದು ಹಣೆ ಒರೆಸಿಕೊಂಡರು. ಕಣ್ಣು ಮಾತ್ರ ರಸ್ತೆಗಿಳಿಯುತ್ತಿದ್ದ ಟ್ರೈಲರಿನ ಮೇಲೇ ಇತ್ತು. “ನೀನು ಅಲ್ಲಿದ್ದಿದ್ರೆ ಯಾವ ಕಡೆ ಹಾಕ್ತಿದ್ದೆ?”

ಅಕ್ಷಯ್ ಹೋಳಿನಿಂದ ಒಂದು ಚೂರು ಕಾಯಿ ಬಿಡಿಸಿ ಅವರ ಕೈಗಿಟ್ಟ.

“ತಗೋಳಿ, ಎಳೇದಾಗಿದೆ.”

ಅಪ್ಪ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ಮತ್ತೆ ಕೇಳಲಿಲ್ಲ.

ಬೇಡ ಎಂದೇ ಹಾಕುತ್ತಿದ್ದೆ ಎಂಬುದನ್ನು ಅಕ್ಷಯ್ ಅಪ್ಪನಿಗೆ ಅಂದೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ.