ನಲವತ್ತು ಚೀಲ ಮೀನುಮರಿ

"ಎತ್ತಿ, ಎತ್ತಿ! ಎಲ್ಲಾ ಚೀಲಾನೂ ದಡಕ್ಕೆ ತನ್ನಿ!"

ಕೂಗುತ್ತಿದ್ದವರು ಮೀನುಗಾರಿಕೆ ಇಲಾಖೆಯ ಸಹಾಯಕ ಅಧಿಕಾರಿ. ಎಲ್ಲರೂ 'ಮೊಣಕೈ ಅಕ್ಕ' ಎಂದು ಕರೆಯುವ ಮೀನುಗಾರ್ತಿ ಚೀಲ ಎತ್ತಲಿಲ್ಲ. ಸೊಂಟದವರೆಗೆ ಜಲಾಶಯದ ನೀರಿನಲ್ಲಿ ನಿಂತು, ಬಲ ಮೊಣಕೈಯನ್ನು ತೇಲುವ ಪ್ಲಾಸ್ಟಿಕ್ ಚೀಲಕ್ಕೆ ಒತ್ತಿ, ಎಡದ್ದನ್ನು ನೀರಿನಲ್ಲಿ ಮುಳುಗಿಸಿ, ಕಣ್ಣು ಮುಚ್ಚಿಕೊಂಡಿದ್ದಳು. ಚೀಲದೊಳಗೆ ಬೆರಳುದ್ದದ ಐನೂರು ಮೀನುಮರಿಗಳು ಗಾಬರಿಯಿಂದ ಸುತ್ತುತ್ತಿದ್ದವು. ಇಂಥವು ನಲವತ್ತು ಚೀಲ.

"ಇನ್ನೂ ಬಿಸಿ ಇದೆ ಸರ್. ಲಾರೀಲಿ ಬೆಂದು ಬಂದಿವೆ. ಒಳಗಿನ ನೀರು, ಹೊರಗಿನ ನೀರು ಒಂದೇ ಹದಕ್ಕೆ ಬರಬೇಕಂದ್ರೆ ಅರ್ಧ ಗಂಟೆ ಹೀಗೇ ತೇಲಬೇಕು."

"ಅರ್ಧ ಗಂಟೆ ನಾನೆಲ್ಲಿಂದ ತರ್ಲಿ?" ಸಹಾಯಕರು ಕೈಯಲ್ಲಿದ್ದ ಕಾರ್ಯಕ್ರಮ ಪಟ್ಟಿಯನ್ನು ಅವಳತ್ತ ಹಿಡಿದರು. "ಹನ್ನೆರಡು ಹತ್ತಕ್ಕೆ ಬಿಡುಗಡೆ. ನಾಲ್ಕು ನಿಮಿಷ. ಹನ್ನೆರಡು ಹದಿನಾಲ್ಕಕ್ಕೆ ಊಟ. ಇದ್ರಲ್ಲಿ ತೇಲೋದು ಅಂತ ಎಲ್ಲಾದ್ರೂ ಇದೆಯಾ?"

ಇರಲಿಲ್ಲ. ಇಲಾಖೆಯ ಬಳಿ ಒಂದು ಥರ್ಮಾಮೀಟರ್ ಇತ್ತು. ಅದು ಒಡೆಯಬಾರದೆಂದು ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಹಾಯಾಗಿತ್ತು. ದಡದ ಮೀನುಗಾರರಿಗೆ ಇದ್ದದ್ದು ಅಕ್ಕನ ಮೊಣಕೈ. ಅದು ಒಮ್ಮೆ 'ಸರಿ' ಅಂದರೆ ಮರಿ ಬದುಕಿದಂತೆಯೇ. ಆ ಮೊಣಕೈಯಿಂದಲೇ ಅವಳಿಗೆ ಆ ಹೆಸರು. ಮೊದಲಿನ ಹೆಸರು ಅವಳ ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು.

ಎರಡು ವರ್ಷದಿಂದ ಜಲಾಶಯಕ್ಕೆ ಮರಿ ಬಿದ್ದಿರಲಿಲ್ಲ. ಬಲೆ ಎಳೆದರೆ ಚಪ್ಪಲಿ, ಬಾಟಲಿ, ಅಪರೂಪಕ್ಕೆ ನಾಚಿಕೊಂಡಂಥ ಒಂದು ಮೀನು. ಈ ನಲವತ್ತು ಚೀಲ ಬದುಕಿದರೆ ದಡದ ಮನೆಗಳು ಇನ್ನೆರಡು ವರ್ಷ ಬದುಕುತ್ತವೆ. ಇಷ್ಟೇ ವಿಷಯ. ಇದು ಪಟ್ಟಿಯಲ್ಲಿ ಇರಲಿಲ್ಲ.

"ಅಕ್ಕಾ, ಹಟ ಮಾಡ್ಬೇಡ," ಅಂದ ತಮ್ಮ. ಅವನು ಮೀನುಗಾರರ ಸಂಘದ ಕಾರ್ಯದರ್ಶಿ. ಆ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. "ಅಲ್ಲಿ ನೋಡು."

ವೇದಿಕೆಯ ಮೇಲೆ, ಮರಿ ಬಿಡಲು ಬಂದಿದ್ದ ಇಲಾಖೆಯ ದೊಡ್ಡ ಸಾಹೇಬರ ಕುರ್ಚಿಯ ಪಕ್ಕ, ಕೆಂಪು ರಿಬ್ಬನ್ ಕಟ್ಟಿಸಿಕೊಂಡ ದೋಣಿಯ ಇಂಜಿನ್ ನಿಂತಿತ್ತು. ಅಂಥದ್ದಕ್ಕೆ ಅಕ್ಕ ಅರ್ಜಿ ಹಾಕಿ ಒಂಬತ್ತು ವರ್ಷ. ಅಷ್ಟರಲ್ಲಿ ಹುಟ್ಟು ಹಾಕಿ ಹಾಕಿ ಅವಳ ಬಲ ಭುಜ ಬಾಗಿಲ ತಿರುಗಣಿಯಂತೆ ಕಿರುಗುಟ್ಟತೊಡಗಿತ್ತು.

"ಇಂಜಿನ್ ಕೊಡೋರ ಪಟ್ಟೀಲಿ ನೀನೇ ಮೊದಲು. ಬಾಯಿ ಮುಚ್ಕೊಂಡಿದ್ರೆ ಸಾಯಂಕಾಲ ನಿನ್ನ ದೋಣೀಲಿರುತ್ತೆ."

"ನಾನು ಬಾಯಿ ತೆರೆದೇ ಇಲ್ವಲ್ಲೋ. ಮೊಣಕೈ ಒಂದೇ ಮಾತಾಡ್ತಿರೋದು."

ಅಷ್ಟರಲ್ಲಿ ಚೀಲಗಳನ್ನು ಎಳೆದು ದಡಕ್ಕೆ ಹಾಕಿಯಾಗಿತ್ತು. ಫೋಟೋ ಚೆನ್ನಾಗಿ ಬರಲೆಂದು ವೇದಿಕೆಯ ಮುಂದೆ, ಸುಡುಬಿಸಿಲಿನಲ್ಲಿ, ಒಂದರ ಮೇಲೊಂದು ಗೋಪುರದಂತೆ ಜೋಡಿಸಿದರು. ನೆರಳಿದ್ದದ್ದು ವೇದಿಕೆಯ ಮೇಲೆ, ಸಾಹೇಬರಿಗೆ ಮಾತ್ರ.

ದೊಡ್ಡ ಸಾಹೇಬರು ಮೈಕು ಹಿಡಿದು, "ಸಮಯದ ಅಭಾವದಿಂದ ಎರಡೇ ಮಾತು," ಅಂದರು. ಎರಡು ಮಾತು ಐವತ್ತು ನಿಮಿಷ ನಡೆಯಿತು. ಅದರಲ್ಲಿ ಹದಿನೈದು ನಿಮಿಷ ಮೀನುಗಾರರ ತಾಳ್ಮೆಯ ಬಗ್ಗೆ. "ಕಾಯುವುದನ್ನು ನಾವು ಇವರಿಂದ ಕಲಿಯಬೇಕು!" ಅಂದಾಗ ಸಹಾಯಕರು ಗಡಿಯಾರ ನೋಡುತ್ತಲೇ ಚಪ್ಪಾಳೆ ತಟ್ಟಿದರು. ಅಕ್ಕ ಗೋಪುರದ ಬುಡದ ಚೀಲಕ್ಕೆ ಮೊಣಕೈ ತಾಗಿಸಿ, ಸುಟ್ಟವಳಂತೆ ಹಿಂದೆಗೆದಳು.

ಹನ್ನೆರಡು ಹತ್ತಕ್ಕೆ ಸರಿಯಾಗಿ ಬಿಡುಗಡೆ. ಸಾಹೇಬರು ಒಂದು ಚೀಲ ನಗುತ್ತಾ ಸುರಿದರು. ಇನ್ನೊಂದು ಗಂಭೀರವಾಗಿ. ಮೂರನೆಯದನ್ನು ದೂರದ ಬೆಟ್ಟ ನೋಡುತ್ತಾ. ಮತ್ತೆರಡನ್ನು, ಫೋಟೋದವನ ಕ್ಯಾಮೆರಾ ಕೈಕೊಟ್ಟದ್ದರಿಂದ. ಬಿಸಿನೀರಿನಿಂದ ತಣ್ಣೀರಿಗೆ ಬಿದ್ದ ಮರಿಗಳು ಒಮ್ಮೆ ನಡುಗಿ, ಸೆಟೆದು, ಅಡ್ಡಡ್ಡ ಮಲಗಿದವು.

"ಈಜ್ತಾ ಇಲ್ವಲ್ರೀ?"

"ಪ್ರಯಾಣದ ಆಯಾಸ ಸರ್," ಅಂದರು ಸಹಾಯಕರು. "ವಿಶ್ರಾಂತಿ ತಗೋತಿವೆ."

"ಪಾಪ," ಅಂದ ಸಾಹೇಬರು ಊಟಕ್ಕೆ ನಡೆದರು. ಸಹಾಯಕರು ಹಿಂದೆಯೇ ಓಡುತ್ತಾ, "ಉಳಿದದ್ದು ನೀವೇ ಸುರಿದುಬಿಡಿ," ಅಂತ ಕೈಬೀಸಿದರು.

ಅಕ್ಕ ಆ ಮಾತಿಗೇ ಕಾದಿದ್ದಳು. ತಮ್ಮನ ಇಸ್ತ್ರಿಯ ಅಂಗಿ ಹಿಡಿದು ನೀರಿಗೆಳೆದಳು. ಮೂವತ್ತೈದು ಚೀಲಗಳನ್ನೂ ಹಗ್ಗಕ್ಕೆ ಪೋಣಿಸಿ ದೋಣಿಯ ನೆರಳಿನಲ್ಲಿ ತೇಲಿಬಿಟ್ಟರು. ಊಟದ ಪರದೆಯ ಒಳಗಿನಿಂದ ತಟ್ಟೆಗಳ ಸದ್ದು, ನಗು. ಅವಳು ಒಂದೊಂದೇ ಚೀಲಕ್ಕೆ ಮೊಣಕೈ ಇಟ್ಟು ಕಾದಳು. ಮುಕ್ಕಾಲು ಗಂಟೆಯ ಮೇಲೆ "ಹೂಂ" ಅಂದಳು. ಚೀಲದ ಬಾಯಿ ಬಿಚ್ಚಿ, ಬೊಗಸೆ ಬೊಗಸೆ ಹೊರಗಿನ ನೀರು ಬೆರೆಸಿ, ವಾಲಿಸಿದರೆ ಮರಿಗಳು ಹೊಸ್ತಿಲಲ್ಲಿ ಅನುಮಾನಿಸುವ ನೆಂಟರಂತೆ ಅರೆಕ್ಷಣ ನಿಂತು, ಸರ್ರನೆ ಮಾಯವಾದವು. ಒಂದೂ ಹೊಟ್ಟೆ ಮೇಲೆ ಮಾಡಲಿಲ್ಲ.

ಆದರೆ ಗಾಳಿಗೆ ಯಾರ ಮುಲಾಜೂ ಇಲ್ಲ. ಊಟ ಮುಗಿಯುವ ಹೊತ್ತಿಗೆ ಅದು ಸಾಹೇಬರ ಐದು ಚೀಲದ ಮರಿಗಳನ್ನು ಗುಡಿಸಿ ತಂದು ವೇದಿಕೆಯ ಬುಡಕ್ಕೇ ಹಾಕಿತು. ಬೆಳ್ಳಗೆ, ಎರಡೂವರೆ ಸಾವಿರ. ಫೋಟೋದವನ ಕ್ಯಾಮೆರಾ ಆಗ ಮಾತ್ರ ಚೆನ್ನಾಗಿ ಕೆಲಸ ಮಾಡಿತು.

ಸಾಹೇಬರು ಕಾರು ಹತ್ತಿ ಗಾಜು ಏರಿಸಿಕೊಂಡರು. ಸಹಾಯಕರು ಕಿಟಕಿಗೆ ಬಗ್ಗಿ ಏನೋ ಕೇಳಿಸಿಕೊಂಡು, ಹತ್ತು ನಿಮಿಷದಲ್ಲಿ ಒಂದು ಹಾಳೆ ತಯಾರಿಸಿಕೊಂಡು ಬಂದರು. ಹಿಂದೆ ಇಬ್ಬರು ಇಂಜಿನ್ ಹೊತ್ತು ತಂದು ಅಕ್ಕನ ದೋಣಿಯ ಪಕ್ಕ ಇಳಿಸಿದರು.

"ಏನೂ ಇಲ್ಲಮ್ಮ, ಒಂದು ಸಣ್ಣ ಹೇಳಿಕೆ," ಎಂದು ಓದಿದರು. "'ಸಾಹೇಬರು ಬಿಟ್ಟ ಐದು ಚೀಲದ ಮರಿಗಳು ಲವಲವಿಕೆಯಿಂದ ಈಜಿಹೋದವು. ಉಳಿದವುಗಳಲ್ಲಿ ಕೆಲವು, ತರಬೇತಿಯಿಲ್ಲದ ಮೀನುಗಾರರ ಆತುರದಿಂದ ಸತ್ತವು. ಆದ್ದರಿಂದ ಮುಂದಿನ ವರ್ಷದಿಂದ ಮೀನುಗಾರರು ಚೀಲ ಮುಟ್ಟುವಂತಿಲ್ಲ. ಎಲ್ಲವನ್ನೂ ಅಧಿಕಾರಿಗಳೇ ಬಿಡತಕ್ಕದ್ದು.'"

"ಆತುರ ನಂದಾ?" ಅಂದಳು ಅಕ್ಕ.

"ಬರೀ ಪದ ಅಮ್ಮ. ಯಾರೂ ಓದಲ್ಲ. ಸಹಿ ಹಾಕಿ, ಇಂಜಿನ್ ನಿಮ್ದು. ಬೇಕಾದ್ರೆ ತರಬೇತಿಗೂ ಹೆಸರು ಹಾಕಿಸ್ತೀನಿ. ನೀರಿನ ಬಿಸಿ ನೋಡೋದು ಹೇಗೆ ಅಂತ. ಮೂರು ದಿನ, ಊಟ ಫ್ರೀ."

"ಹಾಕಿಬಿಡಕ್ಕಾ," ತಮ್ಮ ಒದ್ದೆ ಅಂಗಿ ಹಿಂಡುತ್ತಾ ಗೋಗರೆದ. "ಬದುಕಿದ ಮರಿ ಬದುಕಿದಾವೆ. ಅವೇನು ಪೇಪರ್ ಓದ್ತಾವಾ? ನಿನ್ನ ಭುಜ ನೋಡ್ಕೋ."

"ಮುಂದಿನ ವರ್ಷದ್ದು?"

ತಮ್ಮ ಅಂಗಿಯ ಇನ್ನೊಂದು ತೋಳು ಹಿಂಡತೊಡಗಿದ. ಅಕ್ಕ ಇಂಜಿನ್ ಬಳಿ ಹೋದಳು. ರಿಬ್ಬನ್ ಸರಿಸಿ, ಅಭ್ಯಾಸಬಲದಿಂದ ಅದಕ್ಕೂ ಮೊಣಕೈ ಒತ್ತಿದಳು. ಸಹಾಯಕರು ಪೆನ್ನಿನ ಮುಚ್ಚಳ ತೆಗೆದು ಮುಂದೆ ಚಾಚಿದರು.

"ಬೇಡ," ಅಂದಳು ಅಕ್ಕ. "ಇಂಜಿನ್ ವಾಪಸ್ ಲಾರಿಗೆ ಹಾಕ್ಸಿ."