ಜಿನುಗುವುದೋ ಹರಿಯುವುದೋ

ಸಾಂಬ್ರಾಣಿ ಹೊಗೆ ಬಾಗಿಲ ಸಂದಿಯಿಂದ ಬರುತ್ತಿದೆ, ಅದರ ಜೊತೆಗೆ ಬೀದಿಯಲ್ಲಿ ರೇಷ್ಮೆಗೂಡು ಬೇಯುವ ವಾಸನೆ, ಈ ಶಿಡ್ಲಘಟ್ಟದಲ್ಲಿ ಮಗು ಹುಟ್ಟಿದರೂ ಇದೇ ವಾಸನೆ, ಒಳಗೆ ಪಂಕಜ, ನನ್ನ ಹೆಂಡತಿ, ತವರಿಗೆ ಬಂದು ಬೆಳಿಗ್ಗೆ ಹೆತ್ತವಳು, ರಕ್ತ ಇನ್ನೂ ನಿಂತಿಲ್ಲವಂತೆ, ನಾನು ಹೊಸ್ತಿಲಾಚೆ ನಿಂತಿದ್ದೇನೆ, ಪುರುಡು ಕಳೆಯುವ ತನಕ ಗಂಡಸು ಒಳಗೆ ಹೋಗುವಂತಿಲ್ಲ — ಊಜಿಂಗ್ ಆರ್ ಟ್ರಿಕ್ಲಿಂಗ್, ಮಿಸ್ಟರ್ ಯೋಗನರಸಿಂಹ? ಅಂಚೆ ಕಚೇರಿಯ ಟ್ರಂಕ್ ಕಾಲಿನಲ್ಲಿ ಚಿಕ್ಕಬಳ್ಳಾಪುರದ ಡಾಕ್ಟರಮ್ಮ ಕೇಳಿದ್ದು ಅಷ್ಟೇ, ಆಕೆಗೆ ಕನ್ನಡ ಬಾರದು, ಊಜಿಂಗಾದರೆ ಅಲುಗಾಡಿಸಬೇಡಿ, ದಾರಿಯ ಕುಲುಕಾಟಕ್ಕೆ ಹೆಚ್ಚಾಗುತ್ತದೆ, ಟ್ರಿಕ್ಲಿಂಗಾದರೆ ಈಗಲೇ ಕರೆತನ್ನಿ. ಈಗಲೇ. ಹೊರಗೆ ಗೂಡಿನ ವ್ಯಾಪಾರಿ ಬಯ್ಯಪ್ಪನವರ ವ್ಯಾನು ಗುರುಗುಟ್ಟುತ್ತಿದೆ, ಏನ್ ಮೇಷ್ಟ್ರೇ, ಕರ್ಕೊಂಡ್ ಹೋಗಣ್ವೋ ಬ್ಯಾಡ್ವೋ, ನಾನು ಚಿಂತಾಮಣಿಗೆ ಹೊರಡ್ಬೇಕು, ಒಂದ್ ಮಾತು ಹೇಳ್ಬಿಡಿ. ಒಂದು ಮಾತು! ಅದೇ ತಾನೆ ಸಿಗುತ್ತಿಲ್ಲ.

ಊಜ್ ಅಂದರೆ ಒಸರುವುದು, ಜಿನುಗುವುದು, ಗೌರಿಬಿದನೂರಿನ ಶಾಲೆಯಲ್ಲಿ ನಾನೇ ಹೇಳಿಕೊಡುತ್ತೇನೆ, ಪಿನಾಕಿನಿಯ ಮರಳು ಬಗೆದರೆ ಒರತೆ ಬರುತ್ತಲ್ಲ, ಅದು ಕಣ್ರೋ ಊಜ್, ಟ್ರಿಕಲ್ ಅಂದರೆ ಸಣ್ಣಗೆ ಹರಿಯುವುದು, ಆದರೆ ಒರತೆಯೂ ಗುಂಡಿ ತುಂಬಿದ ಮೇಲೆ ಹರಿಯುತ್ತದಲ್ಲ, ಎಲ್ಲಿಯ ತನಕ ಊಜ್, ಎಲ್ಲಿಂದ ಟ್ರಿಕಲ್, ಡಿಕ್ಷನರಿ ಗೌರಿಬಿದನೂರಿನಲ್ಲಿ, ಥೂ, ಡಿಕ್ಷನರಿಗೆ ಬೆಂಕಿ ಹಾಕ. ಸೂಲಗಿತ್ತಿ ಅಕ್ಕಯಮ್ಮನನ್ನು ಕೇಳಿದೆ, ಜಿನುಗ್ತಾ ಇದೆಯೋ ಹರೀತಾ ಇದೆಯೋ, ಅವಳು ಬಾಯಿಗೆ ಸೆರಗಿಟ್ಟು ನಕ್ಕಳು, ಅಯ್ಯೋ ದೇವುಡಾ, ಗಂಡಸ್ರು ಕೇಳೋ ಮಾತಾ ಇದು, ಹೋಗ್ತಾ ಐತೆ, ಹೋಗ್ಲಿ ಬಿಡಿ ಸ್ವಾಮಿ, ಕೆಟ್ಟ ರಕ್ತ ಅದು, ಹೋದ್ರೇನೇ ಒಳ್ಳೇದು. ಅತ್ತೆ ರಾಧಮ್ಮನವರು ತಲೆ ತಗ್ಗಿಸಿ, ಸ್ವಲ್ಪ ಆಗ್ತಾ ಇದೆ, ಎಲ್ಲಾರ್ಗೂ ಆಗೋದೇ. ಸ್ವಲ್ಪ ಅಂದರೆ ಊಜಾ? ಹೋಗ್ತಾ ಐತೆ ಅಂದರೆ ಟ್ರಿಕಲ್ಲಾ? ತಪ್ಪು ಹೇಳಿದರೆ ಪಂಕಜ ಸಾಯುತ್ತಾಳೆ, ಇಲ್ಲೋ, ದಾರಿಯಲ್ಲೋ, ನನಗೆ ಭಯ. ನೀನೇ ಹೇಳೇ, ಪಂಕಜಾ. ಬೆಳಿಗ್ಗೆ ಬಾಗಿಲ ಹಿಂದಿನಿಂದ, ರೀ, ಮೂಗು ನಿಮ್ದೇ ಬಂದಿದೆ, ಪಾಪ ಮಗು, ಅಂತ ನಕ್ಕಳು, ಆಮೇಲೆ ಕರೆದರೆ ಬರೀ ಹ್ಞೂಂ, ಈಗ ಹ್ಞೂಂ ಕೂಡ ಇಲ್ಲ.

ಪಂಕಜಾ! ಹೊಸ್ತಿಲು ದಾಟಿಬಿಟ್ಟೆ, ಅತ್ತೆ ಅಡ್ಡ ಬಂದರು, ಅಯ್ಯಯ್ಯೋ ಮೈಲಿಗೆ, ಒಳಗೆ ಬರಬಾರ್ದು, ನಿಮಗೇನ್ ಬಂತು, ಅವರ ತೋಳು ಹಿಡಿದು ಸರಿಸಿದೆ, ಕತ್ತಲೆ, ಎಲ್ಲಿದ್ದೀಯೇ, ಅವಳ ಮುಖ ಸುಣ್ಣದ ಬಿಳುಪು, ಕಣ್ಣು ಅರ್ಧ ತೆರೆದಿದೆ, ಮಂಚದ ಕಾಲು — ಮಂಚದ ಕಾಲಿನಗುಂಟ ಕೆಂಪು, ತೊಟ್ಟಿಕ್ಕುತ್ತಿಲ್ಲ, ಒಂದೇ ಎಳೆ, ಇಳಿದು ನೆಲದ ಸಗಣಿ ಸಾರಣೆಯ ಮೇಲೆ ಹೋಗುತ್ತಲೇ ಇದೆ — ಬಯ್ಯಪ್ಪನವರೇ ವ್ಯಾನು ತಿರುಗಿಸಿ ಅಂತ ಯಾರೋ ಕಿರುಚುತ್ತಿದ್ದಾರೆ, ನಾನೇ, ಇನ್ನೂ ಏನೋ ಹೇಳಬೇಕಿತ್ತಲ್ಲ ಆ ಡಾಕ್ಟರಮ್ಮನಿಗೆ, ಎಂಥದೋ ಒಂದು ಪದ, ಮಂಚದ ಕಾಲು, ಆ ಎಳೆ, ತುಂಡಾಗುತ್ತಿಲ್ಲ, ಮಂಚದ ಕಾಲು, ತುಂಡಾಗುತ್ತಿಲ್ಲ